ದಿನವಿಡೀ ಕುಳಿತು, ಬೆಳಿಗ್ಗೆ ಒಂದು ಗಂಟೆ ನಡೆದರೆ ಲೆಕ್ಕ ಸರಿಹೋಗುತ್ತದೆಯೇ?

ಕಡತವಾಸಿ

ನನ್ನದು ಕಂಪ್ಯೂಟರ್ ಮುಂದೆ ಕುಳಿತು ಮಾಡುವ ಕೆಲಸ. ಕಚೇರಿಗೆ ಹೋಗುವಾಗಲೂ ಬರುವಾಗಲೂ ವಾಹನದಲ್ಲಿ ಕುಳಿತಿರುತ್ತೇನೆ. ಊಟಕ್ಕೆ, ಸಭೆಗೆ, ಸಂಜೆಯ ಟಿವಿಗೆ ಮತ್ತೆ ಕುರ್ಚಿಯೇ. ಇದನ್ನು ಸರಿದೂಗಿಸಲೆಂದು ಹಲವು ವರ್ಷಗಳಿಂದ ಬೆಳಿಗ್ಗೆ ಒಂದು ಗಂಟೆ ಬಿರುಸಾಗಿ ನಡೆಯುವ ಅಭ್ಯಾಸವನ್ನು ಉಳಿಸಿಕೊಂಡು ಬಂದಿದ್ದೇನೆ. ಹೀಗಿದ್ದರೂ ಈಚಿನ ರಕ್ತಪರೀಕ್ಷೆಯಲ್ಲಿ ಸಕ್ಕರೆಯ ಪ್ರಮಾಣ ಮಿತಿಯ ಅಂಚಿಗೆ ಬಂದಿದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಮಿತಿಯನ್ನು ದಾಟಿದೆ. ವೈದ್ಯರು, ನಡಿಗೆಯನ್ನು ಬಿಡಬೇಡಿ, ಆದರೆ ಗಂಟೆಗಟ್ಟಲೆ ಒಂದೇ ಕಡೆ ಕೂರುವುದನ್ನೂ ಬಿಡಿ ಎಂದರು. ಸಲಹೆ ಅರ್ಥವಾಯಿತು, ಅದರ ಹಿಂದಿನ ಕಾರಣ ಅರ್ಥವಾಗಲಿಲ್ಲ. ವ್ಯಾಯಾಮ ಮಾಡುವವನಿಗೆ ಕುಳಿತಿರುವುದು ಬೇರೆಯಾಗಿ ಏನು ಹಾನಿ ಮಾಡುತ್ತದೆ? ಒಂದು ಗಂಟೆಯ ಶ್ರಮ ಉಳಿದ ಗಂಟೆಗಳ ಆಲಸ್ಯವನ್ನು ಅಳಿಸುವುದಿಲ್ಲವೇ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಶರೀರಕ್ರಿಯಾ ಬೋಧಕಿ

ವ್ಯಾಯಾಮದ ಕೊರತೆ ಮತ್ತು ದೀರ್ಘಕಾಲ ಕುಳಿತಿರುವುದು ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು ಎಂಬುದು ಇಂದಿನ ತಿಳಿವಳಿಕೆ. ಸುಮ್ಮನೆ ಕುಳಿತ ದೇಹ ಬಳಸುವ ಶಕ್ತಿಯನ್ನು 1 ಮೆಟ್ ಎನ್ನುತ್ತಾರೆ. ಅಂದರೆ ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕ. ಎಚ್ಚರವಿರುವಾಗ ಕುಳಿತೋ, ಒರಗಿಯೋ, ಮಲಗಿಯೋ 1.5 ಮೆಟ್ ಮೀರದಂತೆ ಕಳೆಯುವ ಹೊತ್ತೆಲ್ಲವೂ ಜಡ ಹೊತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಹೇಳಿದ ಅಳತೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮ, ಜೊತೆಗೆ ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ತಾವು ದಿನವೂ ಒಂದು ಗಂಟೆ ನಡೆಯುತ್ತೀರಾದರೆ ಆ ಅಳತೆಯನ್ನು ಮೀರಿದ್ದೀರಿ. ಆದರೂ ತಮ್ಮ ಎಚ್ಚರದ ಉಳಿದ ಹದಿನೈದು ಗಂಟೆಗಳಲ್ಲಿ ಬಹುಪಾಲು ಜಡವಾಗಿಯೇ ಕಳೆಯಬಹುದು. ಒಬ್ಬನೇ ವ್ಯಕ್ತಿ ಚಟುವಟಿಕೆಯುಳ್ಳವನೂ ಜಡನೂ ಆಗಿರಲು ಸಾಧ್ಯವೆನ್ನುವುದು ಹೀಗೆ.

ಇನ್ನು ಕಾರಣದ ಮಾತು. ಊಟದ ನಂತರ ರಕ್ತಕ್ಕೆ ಬರುವ ಗ್ಲೂಕೋಸಿನ ದೊಡ್ಡ ಪಾಲನ್ನು ಎಳೆದುಕೊಳ್ಳಬೇಕಾದದ್ದು ಸ್ನಾಯುಗಳು. ಸ್ನಾಯುಕೋಶದ ಒಳಗಿರುವ ಗ್ಲೂಟ್-4 ಎಂಬ ಸಾಗಣೆ ಪ್ರೋಟೀನು ಕೋಶದ ಹೊರಪದರಕ್ಕೆ ಬಂದರೆ ಮಾತ್ರ ಸಕ್ಕರೆ ಒಳಗೆ ಹೋಗುತ್ತದೆ. ಅದನ್ನು ಹೊರಪದರಕ್ಕೆ ಕರೆತರುವ ದಾರಿಗಳು ಎರಡು: ಒಂದು ಇನ್ಸುಲಿನ್, ಇನ್ನೊಂದು ಸ್ನಾಯುವಿನ ಸಂಕೋಚನ. ಎರಡನೆಯದಕ್ಕೆ ಇನ್ಸುಲಿನ್ನಿನ ಹಂಗಿಲ್ಲ. ಕುಳಿತ ದೇಹದಲ್ಲಿ ತೊಡೆ, ಪೃಷ್ಠ ಮತ್ತು ಮೀನಖಂಡದ ದೊಡ್ಡ ಸ್ನಾಯುಗಳು ಬಹುತೇಕ ಸ್ತಬ್ಧವಾಗಿರುವುದರಿಂದ ಎರಡನೆಯ ದಾರಿ ಮುಚ್ಚಿ, ಇಡೀ ಭಾರ ಇನ್ಸುಲಿನ್ನಿನ ಮೇಲೆ ಬೀಳುತ್ತದೆ. ಕೊಬ್ಬಿನ ವಿಷಯದಲ್ಲಿಯೂ ಇದೇ ಕಥೆ. ರಕ್ತದ ಟ್ರೈಗ್ಲಿಸರೈಡನ್ನು ಒಡೆಯುವ ಲೈಪೋಪ್ರೋಟೀನ್ ಲೈಪೇಸ್ ಎಂಬ ಕಿಣ್ವದ ಚಟುವಟಿಕೆ, ಕಾಲಿನ ಸ್ನಾಯುಗಳು ಕೆಲಸ ನಿಲ್ಲಿಸಿದಾಗ ಕುಸಿಯುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಬೆಳಿಗ್ಗೆಯ ನಡಿಗೆಯ ಲಾಭ ಸುಳ್ಳಲ್ಲ. ಆದರೆ ಮಧ್ಯಾಹ್ನದ ಊಟದ ನಂತರದ ನಾಲ್ಕು ಗಂಟೆಗಳಲ್ಲಿ ಈ ಸ್ನಾಯುಗಳನ್ನು ಅದು ಮತ್ತೆ ಎಬ್ಬಿಸಲಾರದು.

ಹಳೆಯ ಪುಟಗಳು

ಇದನ್ನು ಆಧುನಿಕ ಕಾಯಿಲೆಯೆಂದು ಕರೆಯುವ ಮೊದಲು ಸ್ವಲ್ಪ ಹಿಂದಕ್ಕೆ ನೋಡಬೇಕು. ಇಟಲಿಯ ವೈದ್ಯ ಬರ್ನಾರ್ಡಿನೋ ರಮಾಜಿನಿ 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಗ್ರಂಥದಲ್ಲಿ, ದರ್ಜಿಗಳಂತೆ ಕುಳಿತೇ ದುಡಿಯುವವರ ತೊಂದರೆಗಳನ್ನು ಬರೆದು, ಬಿಡುವಿನ ದಿನಗಳಲ್ಲಾದರೂ ಅವರು ದೇಹವನ್ನು ದಂಡಿಸಬೇಕೆಂದು ಸೂಚಿಸಿದ್ದನು. ‘ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು’ ಎಂದ ನಮ್ಮ ಹಿರಿಯರು ಹೊನ್ನಿನ ಲೆಕ್ಕವನ್ನಷ್ಟೇ ಹಾಕಿದ್ದರು. ದೇಹದ ಲೆಕ್ಕವನ್ನು ರಮಾಜಿನಿ ಹಾಕಿದನೆನ್ನಬಹುದು.

ಅಂಕಿಗಳೊಡನೆ ಈ ಪ್ರಶ್ನೆಯನ್ನು ಕೇಳಿದವರು ಲಂಡನ್ನಿನ ಜೆರ್ರಿ ಮಾರಿಸ್. ಅವರೂ ಸಂಗಡಿಗರೂ 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಅಂತಸ್ತಿನ ಬಸ್ಸುಗಳ ಚಾಲಕರನ್ನೂ ನಿರ್ವಾಹಕರನ್ನೂ ಹೋಲಿಸಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಬಗೆಯ ಪಾಳಿ. ಚಾಲಕನು ಪಾಳಿಯುದ್ದಕ್ಕೂ ಕುಳಿತಿದ್ದರೆ, ನಿರ್ವಾಹಕನು ಟಿಕೆಟ್ ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲುಗಳನ್ನು ಹತ್ತಿಳಿಯುತ್ತಿದ್ದನು. ಹೃದಯದ ರಕ್ತನಾಳಗಳ ಕಾಯಿಲೆ ನಿರ್ವಾಹಕರಲ್ಲಿ ಕಡಿಮೆ ಕಂಡುಬಂತು. ಬಂದರೂ ತಡವಾಗಿ, ಕಡಿಮೆ ಮಾರಕವಾಗಿ ಬರುತ್ತಿತ್ತು. ಅಂಚೆ ಹಂಚುವವರನ್ನು ಗುಮಾಸ್ತರೊಂದಿಗೆ ಹೋಲಿಸಿದಾಗಲೂ ಇದೇ ಬಗೆಯ ವ್ಯತ್ಯಾಸ ಕಾಣಿಸಿತು.

ಇನ್ನೊಂದು ಪ್ರಸಂಗ ಅಷ್ಟು ಪ್ರಸಿದ್ಧವಲ್ಲ. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ ಜನರು ಆಶ್ರಯತಾಣಗಳಲ್ಲಿ ಮಡಿಚುವ ಕುರ್ಚಿಗಳ ಮೇಲೆ ಕುಳಿತೇ ರಾತ್ರಿ ಕಳೆಯುತ್ತಿದ್ದರು. ಶ್ವಾಸಕೋಶದ ರಕ್ತನಾಳದಲ್ಲಿ ರಕ್ತದ ಹೆಪ್ಪು ಸಿಲುಕಿ ಆಗುವ ಸಾವುಗಳು ಆಗ ಹೆಚ್ಚಿದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ಗುರುತಿಸಿ ಬರೆದರು. ಕುರ್ಚಿಯ ಮುಂಭಾಗದ ಅಡ್ಡಪಟ್ಟಿ ಕಾಲಿನ ಅಭಿಧಮನಿಗಳನ್ನು ಒತ್ತಿ ಹಿಡಿಯುತ್ತಿತ್ತು. ನಡಿಗೆಯಿಲ್ಲದೆ ಮೀನಖಂಡವು ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸವನ್ನು ನಿಲ್ಲಿಸಿತ್ತು. ದೂರದ ವಿಮಾನಯಾನದಲ್ಲಿ ಇಂದು ಎದ್ದು ಓಡಾಡಿ ಎಂದು ಹೇಳುವುದರ ಹಿಂದಿರುವುದೂ ಇದೇ ತರ್ಕ.

ಸಂಶಯಾತ್ಮ

ಮಾರಿಸ್ ಅವರ ಕಥೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಅವರೇ 1956ರಲ್ಲಿ ಬಸ್ ನೌಕರರ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದಾಗ, ಚಾಲಕರ ಸೊಂಟದ ಸುತ್ತಳತೆ ನಿರ್ವಾಹಕರದಕ್ಕಿಂತ ಹೆಚ್ಚಾಗಿದ್ದುದು ಕಂಡಿತು. ಕಿರಿಯ ವಯಸ್ಸಿನ ನೌಕರರಲ್ಲಿಯೂ ಈ ಅಂತರವಿತ್ತು. ಅಂದರೆ ಕಾಯಿಲೆಯ ಅಂತರವನ್ನೆಲ್ಲ ಆಸನದ ಖಾತೆಗೆ ಬರೆಯುವಂತಿಲ್ಲ. ಯಾವ ಮೈಕಟ್ಟಿನವನು ಯಾವ ಕೆಲಸಕ್ಕೆ ಹೋಗುತ್ತಾನೆಂಬುದೂ ಲೆಕ್ಕಕ್ಕೆ ಬರಬೇಕು. ತಮ್ಮ ತೀರ್ಮಾನವನ್ನು ತಾವೇ ಅಲುಗಾಡಿಸಿ ನೋಡಿದ ಆ ವಿಜ್ಞಾನಿಯ ಪ್ರಾಮಾಣಿಕತೆ ಇಂದಿನ ಆರೋಗ್ಯ ಬರಹಗಳಲ್ಲಿ ಅಪರೂಪ.

ಈ ಬಗೆಯ ಗೊಂದಲ ಕುಳಿತಿರುವಿಕೆಯ ಕುರಿತ ಬಹುತೇಕ ಅಧ್ಯಯನಗಳಲ್ಲಿ ಇದೆ. ಈಗಾಗಲೇ ಅಸ್ವಸ್ಥನಾದವನು ಹೆಚ್ಚು ಕೂರುತ್ತಾನೆ. ಆಗ ಕಾಯಿಲೆಯೇ ಕಾರಣ, ಕೂರುವುದು ಪರಿಣಾಮ. ಟಿವಿಯ ಮುಂದೆ ಹೆಚ್ಚು ಹೊತ್ತು ಕಳೆಯುವವನು ಅದರ ಜೊತೆಗೆ ಏನನ್ನಾದರೂ ಮೆಲ್ಲುತ್ತಿರಬಹುದು. ಎಷ್ಟು ಹೊತ್ತು ಕುಳಿತಿರೆಂದು ಕೇಳಿದರೆ ಯಾರಿಗೂ ಸರಿಯಾದ ಉತ್ತರ ತಿಳಿದಿರುವುದಿಲ್ಲ. ಕುರ್ಚಿಯೇ ಹೊಸ ಸಿಗರೇಟು ಎಂಬ ಘೋಷಣೆ ನನಗೆ ಒಪ್ಪಿಗೆಯಾಗದಿರುವುದು ಇದಕ್ಕಾಗಿ. 2018ರಲ್ಲಿ ಕೆಲವು ಸಂಶೋಧಕರು ಇದನ್ನೇ ತೂಗಿ ನೋಡಿದರು: ಅತಿಯಾಗಿ ಕೂರುವುದರೊಂದಿಗೆ ಅಕಾಲ ಮರಣ ಮತ್ತು ಕೆಲವು ದೀರ್ಘಕಾಲಿಕ ರೋಗಗಳ ಅಪಾಯ ಶೇಕಡಾ 10ರಿಂದ 20ರಷ್ಟು ಹೆಚ್ಚುವುದಾದರೆ, ಧೂಮಪಾನದಿಂದ ಅಕಾಲ ಮರಣದ ಅಪಾಯ ಶೇಕಡಾ 180ರಷ್ಟು ಹೆಚ್ಚುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಧೂಮಪಾನಿಗೆ ಸಮಾಧಾನ ಹೇಳಿದಂತೆ.

ಕಡತವಾಸಿ

ಮೂವರ ಮಾತನ್ನೂ ಓದಿದ ಮೇಲೆ ಮೂಲ ಪ್ರಶ್ನೆ ಇನ್ನಷ್ಟು ಮೊನಚಾಗಿದೆ. ಒಂದು ಗಂಟೆಯ ನಡಿಗೆ ಸಾಕೋ ಸಾಲದೋ?

ಶರೀರಕ್ರಿಯಾ ಬೋಧಕಿ

ಯಾವುದಕ್ಕೆ ಸಾಕು ಎಂಬುದರ ಮೇಲೆ ಉತ್ತರ ನಿಂತಿದೆ. 2016ರಲ್ಲಿ ಪ್ರಕಟವಾದ, ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದರ ಪ್ರಕಾರ, ದಿನಕ್ಕೆ 60ರಿಂದ 75 ನಿಮಿಷ ಮಧ್ಯಮ ತೀವ್ರತೆಯ ಶ್ರಮ ಮಾಡುವವರಲ್ಲಿ, ಎಂಟು ಗಂಟೆಗಿಂತ ಹೆಚ್ಚು ಕುಳಿತಿರುವುದಕ್ಕೂ ಅಕಾಲ ಮರಣಕ್ಕೂ ಇರುವ ನಂಟು ಅಳಿಸಿಹೋದಂತೆ ಕಂಡಿತು. ಐದು ಗಂಟೆಗೂ ಹೆಚ್ಚು ಟಿವಿ ನೋಡುವವರಲ್ಲಿ ಮಾತ್ರ ಆ ನಂಟು ತಗ್ಗಿತೇ ಹೊರತು ಪೂರ್ತಿ ಹೋಗಲಿಲ್ಲ. ಆದ್ದರಿಂದ ಆಯುಷ್ಯದ ದೃಷ್ಟಿಯಿಂದ ನೋಡಿದರೆ ತಮ್ಮ ನಡಿಗೆ ಬಹಳ ದೊಡ್ಡ ಕೆಲಸ ಮಾಡುತ್ತಿದೆ. ಇಷ್ಟು ನಡೆಯುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇಕಡಾ 31ರಷ್ಟು ಮಂದಿ, ಅಂದರೆ ಸುಮಾರು 180 ಕೋಟಿ ಜನ, ವಾರಕ್ಕೆ 150 ನಿಮಿಷದ ಅಳತೆಯನ್ನೂ ಮುಟ್ಟಿರಲಿಲ್ಲ.

ಆದರೆ ತಮಗೆ ತೊಂದರೆ ಕಂಡಿರುವುದು ಸಕ್ಕರೆ ಮತ್ತು ಕೊಬ್ಬಿನಲ್ಲಿ. ಇಲ್ಲಿ ಪ್ರಯೋಗಗಳೇ ಇವೆ. ಸಂಶಯಾತ್ಮರು ಎತ್ತಿದ ಕಾರಣ-ಪರಿಣಾಮದ ಗೊಂದಲ ಇವುಗಳಿಗೆ ಅಷ್ಟಾಗಿ ತಗಲುವುದಿಲ್ಲ, ಏಕೆಂದರೆ ಒಬ್ಬನೇ ವ್ಯಕ್ತಿಯನ್ನು ಬೇರೆ ಬೇರೆ ದಿನ ಬೇರೆ ಬೇರೆ ರೀತಿಯಲ್ಲಿ ಕೂರಿಸಿ ಅಳೆಯಲಾಗುತ್ತದೆ. 2012ರ ಆಸ್ಟ್ರೇಲಿಯಾದ ಪ್ರಯೋಗವೊಂದರಲ್ಲಿ ಹೆಚ್ಚು ತೂಕವುಳ್ಳ 19 ವಯಸ್ಕರಿಗೆ ಸಕ್ಕರೆ ಮತ್ತು ಕೊಬ್ಬು ತುಂಬಿದ ಪಾನೀಯವನ್ನು ಕೊಟ್ಟು ಐದು ಗಂಟೆ ಕೂರಿಸಿದರು. ಬೇರೊಂದು ದಿನ ಅವರನ್ನೇ ಪ್ರತಿ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಡೆಸಿದರು. ನಡಿಗೆ ನಿಧಾನವಾಗಿದ್ದಾಗಲೂ ರಕ್ತದ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ತಗ್ಗಿತು, ಇನ್ಸುಲಿನ್ನೂ ತಗ್ಗಿತು. ಎರಡು ನಿಮಿಷದಲ್ಲಿ ಖರ್ಚಾಗುವ ಶಕ್ತಿ ತೀರ ಅಲ್ಪ. ಹಾಗಾದರೆ ಲಾಭ ಬಂದದ್ದು ಕ್ಯಾಲೊರಿ ಕರಗಿದ್ದರಿಂದಲ್ಲ, ಸ್ನಾಯು ಮತ್ತೆ ಮತ್ತೆ ಎಚ್ಚೆತ್ತದ್ದರಿಂದ. ತಮ್ಮ ವೈದ್ಯರ ಮಾತಿಗೆ ಆಧಾರ ಇದು. ಆಹಾರ, ನಿದ್ರೆ, ವಂಶದ ಒಲವು ಇವನ್ನೂ ಅವರೊಂದಿಗೆ ಚರ್ಚಿಸಿ. ಎಲ್ಲವನ್ನೂ ಕುರ್ಚಿಗೆ ಕಟ್ಟಬೇಡಿ.

ಕಾಲಿನ ರಕ್ತನಾಳಗಳ ಮಾತೂ ಇದೆ. ಮೂರು ಗಂಟೆ ಅಲುಗಾಡದೆ ಕುಳಿತರೆ ತೊಡೆಯ ಅಪಧಮನಿಯ ಹಿಗ್ಗುವ ಶಕ್ತಿ ಮೊದಲ ಗಂಟೆಯಲ್ಲೇ ಕುಗ್ಗಲು ತೊಡಗುತ್ತದೆ. ಗಂಟೆಗೊಮ್ಮೆ ಐದು ನಿಮಿಷ ನಡೆದವರಲ್ಲಿ ಹಾಗಾಗಲಿಲ್ಲ ಎಂದು 2015ರ ಸಣ್ಣ ಪ್ರಯೋಗವೊಂದು ತೋರಿಸಿತು.

ನಿಂತು ದುಡಿಯುವವ

ಕುಳಿತವರ ಕಷ್ಟವನ್ನೆಲ್ಲ ಕೇಳಿದೆ. ಪಾಳಿ ಮುಗಿಯುವವರೆಗೂ ನಿಂತೇ ಇರುವ ನಮ್ಮಂಥವರ ಮಾತನ್ನೂ ಸ್ವಲ್ಪ ಕೇಳಬೇಕು. ಸಂಜೆಯ ಹೊತ್ತಿಗೆ ಕಾಲು ಊದಿ, ಅಭಿಧಮನಿಗಳು ಗಂಟುಗಂಟಾಗಿ ಎದ್ದಿರುತ್ತವೆ. ಕುರ್ಚಿ ಕಂಡರೆ ನಮಗೆ ಅದೇ ಔಷಧ. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಸುಮಾರು 7,300 ಕೆಲಸಗಾರರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು, ಬಹುಪಾಲು ನಿಂತು ದುಡಿಯುವವರಲ್ಲಿ ಹೃದ್ರೋಗದ ಅಪಾಯ ಬಹುಪಾಲು ಕುಳಿತು ದುಡಿಯುವವರಿಗಿಂತ ಸುಮಾರು ಎರಡರಷ್ಟಿತ್ತು ಎಂದು ವರದಿ ಮಾಡಿದೆ. ಇದನ್ನು ತಿಳಿಯದೆಯೇ ಎತ್ತರದ ಮೇಜು ಕೊಂಡು, ಅದರ ಮುಂದೆ ಕಂಬದಂತೆ ನಿಂತು ಆರೋಗ್ಯ ಗಳಿಸಿದೆವೆಂದು ಭಾವಿಸುವವರನ್ನು ಕಂಡರೆ ಸೋಜಿಗವಾಗುತ್ತದೆ.

ಸಂಶಯಾತ್ಮ

ಎತ್ತರದ ಮೇಜಿನ ಮಾರಾಟಗಾರರಿಗೆ ಕಹಿಯಾಗುವ ಇನ್ನೊಂದು ಅಂಕಿ ಇಲ್ಲಿದೆ. ಕುಳಿತಿರುವುದಕ್ಕಿಂತ ನಿಂತಿರುವುದರಲ್ಲಿ ಹೆಚ್ಚುವರಿಯಾಗಿ ಖರ್ಚಾಗುವುದು ನಿಮಿಷಕ್ಕೆ ಸುಮಾರು 0.15 ಕಿಲೋಕ್ಯಾಲೊರಿ ಎಂದು 2018ರ ವಿಶ್ಲೇಷಣೆಯೊಂದು ಲೆಕ್ಕ ಹಾಕಿತು. ಆರು ಗಂಟೆ ನಿಂತರೂ ಹೆಚ್ಚುವರಿ ಖರ್ಚು 54 ಕಿಲೋಕ್ಯಾಲೊರಿ.

ಹಳೆಯ ಪುಟಗಳು

ನಿಲ್ಲುವುದು ಮತ್ತು ಕೂರುವುದು ಎಂಬ ಎರಡೇ ಭಂಗಿಗಳ ನಡುವೆ ಜಗಳ ಹಚ್ಚುವುದೇ ತಪ್ಪು ದಾರಿಯೆಂದು ತೋರಿಸುವ ಸಂಗತಿಯೊಂದಿದೆ. ತಾಂಜಾನಿಯಾದ ಹಡ್ಜಾ ಜನರು ಬೇಟೆ ಮತ್ತು ಗೆಡ್ಡೆಗೆಣಸುಗಳ ಸಂಗ್ರಹದಿಂದ ಬದುಕುವವರು. ಅವರಲ್ಲಿ ಹೃದ್ರೋಗದ ಲಕ್ಷಣಗಳು ವಿರಳ. ಅವರು ಸದಾ ಓಡಾಡುತ್ತಿರುತ್ತಾರೆಂದು ಊಹಿಸುವುದು ಸಹಜ. ಆದರೆ 2020ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಅವರು ದಿನಕ್ಕೆ ಹತ್ತು ಗಂಟೆಯ ಆಸುಪಾಸು ನಡೆದಾಡದೆಯೇ ಕಳೆಯುತ್ತಾರೆ, ಅಂದರೆ ನಗರವಾಸಿಗಳಷ್ಟೇ. ಭೇದವಿರುವುದು ವಿಶ್ರಾಂತಿಯ ರೀತಿಯಲ್ಲಿ. ಆ ಹೊತ್ತಿನ ಗಣನೀಯ ಭಾಗವನ್ನು ಅವರು ಕುಕ್ಕರಗಾಲಿನಲ್ಲೋ ಮಂಡಿಯೂರಿಯೋ ಕಳೆಯುತ್ತಾರೆ. ಆ ಭಂಗಿಗಳಲ್ಲಿ ಕಾಲಿನ ಸ್ನಾಯುಗಳು ಕುರ್ಚಿಯಲ್ಲಿರುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರುವುದನ್ನು ಸಂಶೋಧಕರು ಉಪಕರಣಗಳಿಂದ ದಾಖಲಿಸಿದರು. ದಣಿದ ದೇಹ ವಿಶ್ರಮಿಸುವುದು ದೋಷವಲ್ಲ. ಬೆನ್ನು, ತೊಡೆ, ಪಾದ ಎಲ್ಲದರ ಭಾರವನ್ನೂ ಹೊತ್ತು ಸ್ನಾಯುವಿಗೆ ಒಂದಿಷ್ಟೂ ಕೆಲಸ ಉಳಿಸದ ಆಸನವನ್ನು ನಾವು ಕಟ್ಟಿಕೊಂಡಿದ್ದೇವೆ. ಹಾಗೆಂದು ಮಂಡಿನೋವಿರುವವರು ನಾಳೆಯೇ ಕುಕ್ಕರಗಾಲಿನಲ್ಲಿ ಕೂರಲು ಹೊರಡಬಾರದು. ಬಾಲ್ಯದಿಂದ ಬಂದ ಅಭ್ಯಾಸ ಬೇರೆ, ಐವತ್ತರಲ್ಲಿ ಆರಂಭಿಸುವುದು ಬೇರೆ.

ನಿವೃತ್ತ

ನಿಮ್ಮೆಲ್ಲರ ಚರ್ಚೆ ಹೃದಯ ಮತ್ತು ಸಕ್ಕರೆಯ ಸುತ್ತಲೇ ಇದೆ. ನನ್ನ ವಯಸ್ಸಿನವರಿಗೆ ಅದಕ್ಕಿಂತ ಮೊದಲು ಎದುರಾಗುವುದು ಕೈಯೂರದೆ ಕುರ್ಚಿಯಿಂದ ಏಳಲಾಗದ ಸ್ಥಿತಿ. ಕೆಲಸದಿಂದ ಬಿಡುಗಡೆಯಾದ ಮೇಲೆ ಗಳಿಸಿದ ಬಿಡುವೆಲ್ಲ ಆರಾಮಕುರ್ಚಿಗೆ ಹೋಗುತ್ತದೆ. ಮಕ್ಕಳೂ ಅಕ್ಕರೆಯಿಂದ, ನೀವು ಕೂತಿರಿ, ನಾವು ಮಾಡುತ್ತೇವೆ ಎನ್ನುತ್ತಾರೆ. ಅಕ್ಕರೆಯ ಈ ಮಾತು ಸ್ನಾಯುಗಳ ಮಟ್ಟಿಗೆ ಒಳ್ಳೆಯದಲ್ಲವೆಂದು ನನ್ನ ಅನಿಸಿಕೆ. ಇದರ ಬಗ್ಗೆ ತಿಳಿದವರು ಬರೆಯಬೇಕು.

ಶರೀರಕ್ರಿಯಾ ಬೋಧಕಿ

ಹಿರಿಯರ ಅನಿಸಿಕೆ ಸರಿಯಾಗಿದೆ. 1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯ ಮೇಲೆಯೇ ಇರಿಸಿದರು. ಅವರ ದೇಹ ಆಮ್ಲಜನಕವನ್ನು ಬಳಸಬಲ್ಲ ಗರಿಷ್ಠ ಸಾಮರ್ಥ್ಯ ನಾಲ್ಕನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಹುಡುಕಿ ಅಳೆದಾಗ, ಮೂರು ದಶಕಗಳ ವಯಸ್ಸು ಮಾಡಿದ ನಷ್ಟವು ಆ ಮೂರು ವಾರಗಳ ಹಾಸಿಗೆ ಮಾಡಿದ ನಷ್ಟಕ್ಕಿಂತ ಕಡಿಮೆಯಿತ್ತು. ಇನ್ನೂ ಮುಖ್ಯವಾದದ್ದು, ಐವತ್ತರ ಆ ವಯಸ್ಸಿನಲ್ಲಿ ಆರು ತಿಂಗಳ ಕ್ರಮಬದ್ಧ ತರಬೇತಿಯಿಂದ ವಯಸ್ಸು ಕಸಿದದ್ದನ್ನು ಅವರು ಮರಳಿ ಪಡೆದರು.

ವಯಸ್ಸಾದವರಲ್ಲಿ ಕುಸಿತ ಇನ್ನೂ ವೇಗವಾಗಿರುತ್ತದೆ. ಅರವತ್ತು ದಾಟಿದ ಆರೋಗ್ಯವಂತರನ್ನು ಹತ್ತು ದಿನ ಹಾಸಿಗೆಯಲ್ಲಿರಿಸಿದ ಪ್ರಯೋಗವೊಂದರಲ್ಲಿ ಅವರ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಕೊಬ್ಬುರಹಿತ ಅಂಶ ಕರಗಿತ್ತು. ಆರಾಮಕುರ್ಚಿ ಹಾಸಿಗೆಯಷ್ಟು ಕಠೋರವಲ್ಲ, ಆದರೆ ದಿಕ್ಕು ಅದೇ. 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಬೀಳುವುದನ್ನು ತಪ್ಪಿಸಲು. ಗಟ್ಟಿಯಾದ ಕುರ್ಚಿಯಿಂದ ಕೈಯೂರದೆ ಎದ್ದು, ನಿಧಾನವಾಗಿ ಕೂರುವುದನ್ನು ಹಲವು ಬಾರಿ ಮಾಡುವುದೇ ಒಳ್ಳೆಯ ಆರಂಭ. ಪಕ್ಕದಲ್ಲಿ ಹಿಡಿದುಕೊಳ್ಳಲು ಆಧಾರವಿರಲಿ.

ಕಡತವಾಸಿ

ನನ್ನ ಕೈಗಡಿಯಾರ ದಿನವೂ ಹತ್ತು ಸಾವಿರ ಹೆಜ್ಜೆ ಕೇಳುತ್ತದೆ. ಆ ಸಂಖ್ಯೆಗೇನಾದರೂ ಆಧಾರವಿದೆಯೇ?

ಸಂಶಯಾತ್ಮ

ಅದು ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ಮಾರುಕಟ್ಟೆಯಲ್ಲಿ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಸಾಧನವನ್ನು ‘ಮಾನ್ಪೋ-ಕೆಯ್’ ಎಂಬ ಹೆಸರಿನಲ್ಲಿ ಮಾರಿತು. ಹತ್ತು ಸಾವಿರ ಹೆಜ್ಜೆಯ ಮಾಪಕವೆಂಬುದೇ ಆ ಹೆಸರು. ಸರಾಸರಿ 72 ವಯಸ್ಸಿನ ಸುಮಾರು 16,700 ಮಹಿಳೆಯರ ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣದ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಸುಪಾಸಿನಲ್ಲಿ ಲಾಭದ ಗೆರೆ ಸಮವಾಯಿತು. ಸಂಖ್ಯೆ ತಪ್ಪಿದ ದಿನ ಕೊರಗುವ ಅಗತ್ಯವಿಲ್ಲ. ಬೆನ್ನುನೋವಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ಕೂರುವುದರಿಂದಲೇ ಸೊಂಟನೋವು ಹುಟ್ಟುತ್ತದೆಂಬುದಕ್ಕೆ ಪುರಾವೆ ದುರ್ಬಲ, ಇದ್ದ ನೋವು ಒಂದೇ ಭಂಗಿಯಲ್ಲಿ ಬಹಳ ಹೊತ್ತಿದ್ದರೆ ಕೆರಳುತ್ತದೆ, ಅಷ್ಟೆ.

ನಿಂತು ದುಡಿಯುವವ

ಒಂದು ಮಾತು ಬಿಟ್ಟುಹೋಗಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಏಳಿ ಎನ್ನುವುದು ಏಳಲು ಅನುಮತಿ ಇರುವವರಿಗೆ. ವಾಹನ ಚಾಲಕನೂ ಕರೆ ಸ್ವೀಕರಿಸುವ ನೌಕರನೂ ಎದ್ದರೆ ಕೆಲಸ ನಿಲ್ಲುತ್ತದೆ, ಮೇಲಿನವರು ಪ್ರಶ್ನಿಸುತ್ತಾರೆ. ಕೆಲಸವನ್ನು ಹೀಗೆ ರೂಪಿಸಿದವರನ್ನು ಕೇಳದೆ ಕೂತವನ ಇಚ್ಛಾಶಕ್ತಿಯನ್ನೇ ದೂರುವುದು ನ್ಯಾಯವಲ್ಲ.

ಗಾಲಿಕುರ್ಚಿಯಿಂದ

ಇಡೀ ಚರ್ಚೆಯನ್ನು ಓದಿದೆ. ಏಳಿ, ನಿಲ್ಲಿ, ನಡೆಯಿರಿ ಎಂಬ ಸಲಹೆಗಳಲ್ಲಿ ನನಗೆ ಅನ್ವಯಿಸುವುದು ಒಂದೂ ಸಿಗಲಿಲ್ಲ. ಕಾಲುಗಳಲ್ಲಿ ಶಕ್ತಿಯಿಲ್ಲದವರಿಗೆ ಈ ವಿಜ್ಞಾನ ಏನನ್ನಾದರೂ ಹೇಳುತ್ತದೆಯೇ?

ಶರೀರಕ್ರಿಯಾ ಬೋಧಕಿ

ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಅಂಗವೈಕಲ್ಯವುಳ್ಳವರಿಗೂ ಪ್ರತ್ಯೇಕ ಶಿಫಾರಸುಗಳನ್ನು ಕೊಟ್ಟಿದೆ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷವೆಂಬ ಅಳತೆ ಅಲ್ಲಿಯೂ ಅದೇ. ಸಂಕೋಚನದಿಂದ ಗ್ಲೂಕೋಸ್ ಒಳಸೆಳೆಯುವ ಗುಣ ಕಾಲಿನ ಸ್ನಾಯುಗಳಿಗಷ್ಟೇ ಮೀಸಲಲ್ಲ, ತೋಳು ಮತ್ತು ಭುಜದ ಸ್ನಾಯುಗಳಿಗೂ ಇದೆ. ಕುಳಿತೇ ಇದ್ದು ಅರ್ಧ ಗಂಟೆಗೊಮ್ಮೆ ಐದು ನಿಮಿಷ ಕೈಯಿಂದ ಪೆಡಲು ತಿರುಗಿಸಿದಾಗ ಊಟದ ನಂತರದ ಸಕ್ಕರೆಯ ಏರಿಕೆ ಚೆನ್ನಾಗಿ ತಗ್ಗಿತೆಂದು 2017ರ ಪ್ರಯೋಗವೊಂದು ತೋರಿಸಿದೆ. ಅದರಲ್ಲಿದ್ದವರು ಬೊಜ್ಜುಳ್ಳ, ನಡೆಯಬಲ್ಲ ವಯಸ್ಕರಾಗಿದ್ದರೂ ಅದರ ತತ್ತ್ವ ತಮಗೂ ಸಲ್ಲುತ್ತದೆ. ಎರಡು ಎಚ್ಚರಿಕೆಗಳಿವೆ. ಗಾಲಿಯನ್ನು ತಳ್ಳುವುದರಿಂದ ತಮ್ಮ ಭುಜದ ಮುಂಭಾಗ ಈಗಾಗಲೇ ದಣಿದಿರುತ್ತದೆ. ಆದ್ದರಿಂದ ತಳ್ಳುವ ವ್ಯಾಯಾಮಕ್ಕಿಂತ, ಎಳೆಪಟ್ಟಿಯನ್ನು ಕಟ್ಟಿ ಹಿಂದಕ್ಕೆ ಎಳೆಯುವ ವ್ಯಾಯಾಮಗಳಿಗೆ ಹೆಚ್ಚು ಪಾಲು ಕೊಡಿ. ಒತ್ತಡದ ಹುಣ್ಣುಗಳಾಗದಂತೆ ಆಗಾಗ ಮೈಭಾರವನ್ನು ಪಕ್ಕಕ್ಕೆ ಅಥವಾ ಮುಂದಕ್ಕೆ ವಾಲಿಸುವುದನ್ನು ಈ ವಿರಾಮಗಳ ಜೊತೆಗೇ ಸೇರಿಸಿಕೊಳ್ಳಿ. ಬೆನ್ನುಹುರಿಗೆ ಪೆಟ್ಟಾದ ಕಾರಣದಿಂದ ಗಾಲಿಕುರ್ಚಿ ಬಂದಿದ್ದರೆ, ರಕ್ತದೊತ್ತಡ ಮತ್ತು ಮೈಬಿಸಿ ವ್ಯಾಯಾಮದಲ್ಲಿ ಬೇರೆ ರೀತಿಯಲ್ಲಿ ವರ್ತಿಸಬಹುದು. ಎಷ್ಟು ಭಾರ, ಎಷ್ಟು ಹೊತ್ತು ಎಂಬುದನ್ನು ಫಿಸಿಯೋಥೆರಪಿಸ್ಟ್ ಬಳಿ ಗೊತ್ತುಮಾಡಿಕೊಂಡೇ ಆರಂಭಿಸಿ.